ಒಂದೇ ರಾಶಿಯ ಅಡಿಕೆ, ಎರಡು ಅಳತೆ: ಅನಿಶ್ಚಿತತೆಯ ಮಿತಿಯನ್ನು ಪ್ರಯೋಗಕ್ಕೆ ಒಡ್ಡಿದ ಬಗೆ

(ಶಿವಮೊಗ್ಗದಲ್ಲಿ ಆಷಾಢದ ಒಂದು ಸಂಜೆ ವಿಜ್ಞಾನಾಸಕ್ತರ ಎದುರು ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋದ ಕೆಲವು ಲೆಕ್ಕಗಳನ್ನು ಇಲ್ಲಿ ಸೇರಿಸಿದ್ದೇನೆ.)

ಈ ಊರಿನಲ್ಲಿ ಅಡಿಕೆಯ ವ್ಯವಹಾರ ಕಂಡರಿಯದವರು ವಿರಳ, ಆದ್ದರಿಂದ ಅಲ್ಲಿಂದಲೇ ಮಾತು ಆರಂಭಿಸುತ್ತೇನೆ. ಮಂಡಿಗೆ ಬಂದ ಮೂಟೆಯ ಅಡಿಕೆ ಒಳಗೆ ಹೇಗಿದೆ ಎಂದು ತಿಳಿಯಬೇಕಾದರೆ ಒಂದು ಹಿಡಿ ತೆಗೆದು, ಒಂದೆರಡನ್ನು ಅಡಕತ್ತರಿಯಲ್ಲಿ ಸೀಳಿ ನೋಡುತ್ತಾರೆ. ಸೀಳಿದ ಮೇಲೆ ಅದು ಇಡಿ ಅಡಿಕೆಯಲ್ಲ. ಇಡಿ ಅಡಿಕೆ ಎಷ್ಟು ಭಾರ ತಡೆದುಕೊಳ್ಳುತ್ತದೆ ಎಂಬ ಪರೀಕ್ಷೆಯನ್ನು ಅದೇ ಅಡಿಕೆಯ ಮೇಲೆ ಇನ್ನು ಮಾಡಲಾಗದು. ಆದರೆ ಅದೇ ರಾಶಿಯ ಬೇರೊಂದು ಅಡಿಕೆಯ ಮೇಲೆ ಮಾಡಬಹುದು. ಒಂದೇ ಅಡಿಕೆಯ ಮೇಲೆ ಒಂದರ ಹಿಂದೊಂದು ಎರಡು ಪರೀಕ್ಷೆ ನಡೆಸುವುದು ಒಂದು ಬಗೆ. ಒಂದೇ ರಾಶಿಯನ್ನು ಎರಡು ಪಾಲು ಮಾಡಿ, ಈ ಪಾಲಿಗೆ ಒಂದು ಪರೀಕ್ಷೆ, ಆ ಪಾಲಿಗೆ ಇನ್ನೊಂದು ಪರೀಕ್ಷೆ ನಡೆಸುವುದು ಇನ್ನೊಂದು ಬಗೆ. ಇವೆರಡೂ ಬೇರೆ ಬೇರೆ ಪ್ರಶ್ನೆಗಳೆಂಬುದನ್ನು ಮಂಡಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಭೌತವಿಜ್ಞಾನದಲ್ಲಿ ಮಾತ್ರ ಈ ಎರಡು ಪ್ರಶ್ನೆಗಳಿಗೆ ದೀರ್ಘಕಾಲ ಒಂದೇ ಹೆಸರಿತ್ತು, ಒಂದೇ ಸೂತ್ರವಿತ್ತು. ಆ ಹೆಸರು ಹೈಸನ್‌ಬರ್ಗ್‌ನ ಅನಿಶ್ಚಿತತಾ ತತ್ತ್ವ. 2012ರಲ್ಲಿ ವಿಯೆನ್ನಾ ಮತ್ತು ಟೊರಾಂಟೊ ನಗರಗಳ ಎರಡು ಪ್ರಯೋಗಗಳು ಈ ಗಂಟನ್ನು ಬಿಡಿಸಿ ತೋರಿಸಿದವು. ಆಗ ಹಲವು ವರದಿಗಳು ‘ಹೈಸನ್‌ಬರ್ಗ್ ತಪ್ಪಿದರು’ ಎಂಬ ತಲೆಬರಹ ಹೊತ್ತು ಬಂದವು. ಆ ತಲೆಬರಹ ಎಷ್ಟು ಸರಿ, ಎಷ್ಟು ತಪ್ಪು ಎಂಬುದೇ ಈ ಉಪನ್ಯಾಸದ ವಿಷಯ.

ನಾನು ಪದವಿಯಲ್ಲಿ ಓದಿದ ಪಠ್ಯಪುಸ್ತಕವೊಂದರಲ್ಲಿ ಎಡಪುಟದಲ್ಲಿ ಸೂಕ್ಷ್ಮದರ್ಶಕದ ಚಿತ್ರವಿತ್ತು, ಬಲಪುಟದಲ್ಲಿ ಗಣಿತದ ಸಾಧನೆ, ಎಂದರೆ ರುಜುವಾತು, ಇತ್ತು. ಚಿತ್ರ ಹೇಳುತ್ತಿದ್ದುದನ್ನೇ ಗಣಿತ ಸಾಧಿಸುತ್ತಿದೆ ಎಂದು ನಾವೆಲ್ಲ ನಂಬಿದ್ದೆವು. ಪಾಠ ಹೇಳುವ ಕೆಲಸಕ್ಕೆ ಸೇರಿ ಹಲವು ವರ್ಷ ನಾನೂ ಹಾಗೆಯೇ ಹೇಳಿದೆ. ಚಿತ್ರಕ್ಕೂ ಗಣಿತಕ್ಕೂ ನಡುವೆ ಒಂದು ಕಂದಕವಿದೆ ಎಂಬುದು ನನಗೆ ತಿಳಿದದ್ದು ಈ ಪ್ರಯೋಗಗಳನ್ನು ಓದಿದ ಮೇಲೆ.

ಮೊದಲು ಚಿತ್ರದ ವಿಷಯ. 1927ರಲ್ಲಿ ವರ್ನರ್ ಹೈಸನ್‌ಬರ್ಗ್ ಒಂದು ಮನೋಪ್ರಯೋಗವನ್ನು ಮುಂದಿಟ್ಟರು. ಎಲೆಕ್ಟ್ರಾನ್ ಎಲ್ಲಿದೆ ಎಂದು ನೋಡಬೇಕಾದರೆ ಅದರ ಮೇಲೆ ಬೆಳಕು ಬೀಳಬೇಕು. ಬೆಳಕಿನ ತರಂಗದೂರ ಎಷ್ಟು ಚಿಕ್ಕದೋ ಸ್ಥಾನ ಅಷ್ಟು ನಿಖರವಾಗಿ ತಿಳಿಯುತ್ತದೆ, ಆದ್ದರಿಂದ ಗಾಮಾ ಕಿರಣವನ್ನು ಬಳಸೋಣ. ಆದರೆ ತರಂಗದೂರ ಚಿಕ್ಕದಾದಷ್ಟೂ ಬೆಳಕಿನ ಕಣದ ಸಂವೇಗ ಹೆಚ್ಚು. ಅದು ಬಡಿದಾಗ ಎಲೆಕ್ಟ್ರಾನ್‌ಗೆ ಬೀಳುವ ಪೆಟ್ಟೂ ಹೆಚ್ಚು. ಹೀಗೆ ಸ್ಥಾನದ ಅಳತೆಯಲ್ಲಿ ಉಳಿಯುವ ದೋಷವನ್ನೂ ಆ ಅಳತೆಯಿಂದ ಸಂವೇಗಕ್ಕೆ ಆಗುವ ಕಲಕನ್ನೂ ಗುಣಿಸಿದರೆ ಗುಣಲಬ್ಧ ಪ್ಲಾಂಕ್ ಸ್ಥಿರಾಂಕದ ಆಸುಪಾಸಿಗಿಂತ ಕೆಳಗಿಳಿಯಲಾರದು ಎಂಬುದು ಅವರ ವಾದ. ಕೆರೆಯ ಆಳ ನೋಡಲು ಗಳು ಇಳಿಸಿದರೆ ನೀರು ಕಲಕುತ್ತದಲ್ಲ, ಅದೇ ಅರ್ಥದಲ್ಲಿ ನಾನು ಇಲ್ಲಿ ‘ಕಲಕು’ ಎಂಬ ಮಾತನ್ನು ಬಳಸುತ್ತಿದ್ದೇನೆ.

ಈ ಸೂಕ್ಷ್ಮದರ್ಶಕಕ್ಕೆ ಒಂದು ಹಿನ್ನೆಲೆಯಿದೆ. 1923ರಲ್ಲಿ ಮ್ಯೂನಿಕ್‌ನಲ್ಲಿ ಹೈಸನ್‌ಬರ್ಗ್‌ರ ಡಾಕ್ಟರೇಟ್ ಮೌಖಿಕ ಪರೀಕ್ಷೆ ನಡೆದಾಗ ಪ್ರಯೋಗನಿಷ್ಠ ಭೌತವಿಜ್ಞಾನಿ ವಿಲ್ಹೆಲ್ಮ್ ವೀನ್ ಅವರು ಸೂಕ್ಷ್ಮದರ್ಶಕದ ಪೃಥಕ್ಕರಣ ಸಾಮರ್ಥ್ಯವನ್ನು, ಎಂದರೆ ಎರಡು ಹತ್ತಿರದ ಚುಕ್ಕೆಗಳನ್ನು ಬಿಡಿಬಿಡಿಯಾಗಿ ಕಾಣಿಸುವ ಶಕ್ತಿಯನ್ನು ಕುರಿತು ಕೇಳಿದರು. ಹೈಸನ್‌ಬರ್ಗ್‌ಗೆ ಉತ್ತರಿಸಲಾಗಲಿಲ್ಲ. ಹೇಗೋ ತೇರ್ಗಡೆಯಾದರು. ನಾಲ್ಕು ವರ್ಷದ ನಂತರ ತಮ್ಮ ಅತಿ ಪ್ರಸಿದ್ಧ ಲೇಖನದಲ್ಲಿ ಅವರು ಬಳಸಿದ ಉಪಕರಣವೂ ಅದೇ. ಮತ್ತೆ ಅಲ್ಲಿಯೂ ಮಸೂರದ ಅಗಲಕ್ಕೆ ಸಂಬಂಧಿಸಿದ ಒಂದು ಅಂಶ ತಪ್ಪಿಹೋಗಿತ್ತು. ನೀಲ್ಸ್ ಬೋರ್ ಅದನ್ನು ತೋರಿಸಿಕೊಟ್ಟರು. ಲೇಖನ ಅಚ್ಚಿಗೆ ಹೋಗುವ ಮೊದಲು ಹೈಸನ್‌ಬರ್ಗ್ ಆ ಮಾತನ್ನು ಒಪ್ಪಿ ಟಿಪ್ಪಣಿ ಸೇರಿಸಿದರು. ಒಟ್ಟಿನಲ್ಲಿ ಆ ಸೂಕ್ಷ್ಮದರ್ಶಕ ಒಂದು ಒಳನೋಟ, ಅದು ಸಾಧನೆಯಲ್ಲ. ಲೇಖನದಲ್ಲಿ ದೋಷವೆಂದರೇನು, ಕಲಕು ಎಂದರೇನು ಎಂಬುದಕ್ಕೆ ಗಣಿತದ ವ್ಯಾಖ್ಯೆ ಇರಲಿಲ್ಲ.

ಗಣಿತದ ಸಾಧನೆ ಅದೇ 1927ರಲ್ಲಿ ಅರ್ಲ್ ಕೆನಾರ್ಡ್ ಅವರಿಂದ ಬಂತು. 1929ರಲ್ಲಿ ಹವರ್ಡ್ ರಾಬರ್ಟ್‌ಸನ್ ಅದನ್ನು ಯಾವುದೇ ಎರಡು ಪರಿಮಾಣಗಳಿಗೆ ಅನ್ವಯಿಸುವಂತೆ ವಿಸ್ತರಿಸಿದರು. ಕೆನಾರ್ಡ್ ಸಾಧಿಸಿದ್ದು ಏನು ಎಂಬುದನ್ನು ಅಡಿಕೆಯ ರಾಶಿಗೆ ಹೋಲಿಸಿ ಹೇಳುತ್ತೇನೆ. ಒಂದೇ ರೀತಿ ಸಿದ್ಧಪಡಿಸಿದ ಎಲೆಕ್ಟ್ರಾನ್‌ಗಳ ದೊಡ್ಡ ರಾಶಿ ಇದೆ ಎಂದುಕೊಳ್ಳಿ. ಅರ್ಧ ರಾಶಿಯ ಮೇಲೆ ಸ್ಥಾನವನ್ನು ಮಾತ್ರ ಅಳೆಯಿರಿ, ಎಷ್ಟು ಬೇಕೋ ಅಷ್ಟು ನಿಖರವಾಗಿ. ಉತ್ತರಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದನ್ನು, ಎಂದರೆ ಮಾನಕ ವಿಚಲನೆಯನ್ನು ಲೆಕ್ಕಹಾಕಿ. ಉಳಿದರ್ಧದ ಮೇಲೆ ಸಂವೇಗವನ್ನು ಮಾತ್ರ ಅಳೆದು ಅದರ ಹರವನ್ನೂ ಲೆಕ್ಕಹಾಕಿ. ಎರಡು ಹರವುಗಳ ಗುಣಲಬ್ಧ, ಪ್ಲಾಂಕ್ ಸ್ಥಿರಾಂಕವನ್ನು ನಾಲ್ಕು ಪಟ್ಟು ಪೈಯಿಂದ ಭಾಗಿಸಿದರೆ ಬರುವ ಸಂಖ್ಯೆಗಿಂತ ಕಡಿಮೆಯಾಗದು. ಇಲ್ಲಿ ಯಾವ ಎಲೆಕ್ಟ್ರಾನನ್ನೂ ಎರಡು ಬಾರಿ ಅಳೆದಿಲ್ಲ, ಯಾರೂ ಯಾರನ್ನೂ ಕಲಕಿಲ್ಲ. ಈ ಮಿತಿ ಅಳೆಯುವವನ ಕೈಯಿಂದ ಬಂದದ್ದಲ್ಲ, ರಾಶಿಯ ಗುಣದಿಂದಲೇ ಬಂದದ್ದು.

ಪ್ಲಾಂಕ್ ಸ್ಥಿರಾಂಕವನ್ನು ಬರೆಯಬೇಕಾದರೆ ದಶಮಾಂಶ ಬಿಂದುವಿನ ನಂತರ 33 ಸೊನ್ನೆ ಹಾಕಿ ಆಮೇಲೆ 6626 ಎಂದು ಬರೆಯಬೇಕು, ಜೌಲ್-ಸೆಕೆಂಡ್ ಮಾನದಲ್ಲಿ. ಈ ಚಿಕ್ಕತನದ ಅಂದಾಜು ಸಿಗಲೆಂದು ಒಂದು ಲೆಕ್ಕ ಮಾಡಿದೆ. 10 ಗ್ರಾಂ ತೂಗುವ ಅಡಿಕೆಯೊಂದರ ಸ್ಥಾನ ಒಂದು ಮೈಕ್ರೋಮೀಟರಿನಷ್ಟು ನಿಖರವಾಗಿ ನಿಶ್ಚಿತವಾಗಿದ್ದರೆ, ಅದರ ವೇಗದಲ್ಲಿ ಉಳಿಯಲೇಬೇಕಾದ ಅನಿಶ್ಚಿತತೆ ಎಷ್ಟು ಅಲ್ಪವೆಂದರೆ, ವಿಶ್ವ ಹುಟ್ಟಿದ ಈ 1,380 ಕೋಟಿ ವರ್ಷಗಳುದ್ದಕ್ಕೂ ಆ ವೇಗದಲ್ಲೇ ಸರಿಯುತ್ತಿದ್ದರೂ ಅಡಿಕೆ ಸುಮಾರು 2 ನ್ಯಾನೋಮೀಟರ್ ಜರುಗಿರುತ್ತಿತ್ತು. ಅದೇ ಒಂದು ಎಲೆಕ್ಟ್ರಾನನ್ನು ಪರಮಾಣುವಿನ ಅಳತೆಯ ಜಾಗದಲ್ಲಿ, ಒಂದು ನ್ಯಾನೋಮೀಟರಿನ ಹತ್ತನೆಯ ಒಂದು ಭಾಗದಲ್ಲಿ ಕೂಡಿಹಾಕಿದರೆ ವೇಗದ ಅನಿಶ್ಚಿತತೆ ಸೆಕೆಂಡಿಗೆ ಸುಮಾರು 580 ಕಿಲೋಮೀಟರ್. ಶಿವಮೊಗ್ಗದಿಂದ ಬೆಂಗಳೂರಿನ ದೂರವನ್ನು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ದಾಟುವ ವೇಗ ಅದು.

ಕೆನಾರ್ಡ್ ಮಿತಿಯ ಪರೀಕ್ಷೆ ತಕ್ಕಮಟ್ಟಿಗೆ ಸುಲಭ, ಅದರ ಒಂದು ರೂಪವನ್ನು ಅಂದು ಸಭೆಯಲ್ಲಿಯೇ ಮಾಡಿ ತೋರಿಸಿದೆ. ಎರಡು ಕ್ಷೌರದ ಬ್ಲೇಡುಗಳ ಅಂಚುಗಳನ್ನು ಎದುರುಬದುರಾಗಿ ಒಂದು ರಟ್ಟಿನ ಚೌಕಟ್ಟಿಗೆ ಅಂಟಿಸಿ, ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿದ್ದೆ. ಕೆಂಪು ಲೇಸರ್ ದೀಪದ ಬೆಳಕನ್ನು ಆ ಸಂದಿನ ಮೂಲಕ ಐದು ಮೀಟರ್ ದೂರದ ಬಿಳಿ ಗೋಡೆಗೆ ಬಿಟ್ಟೆವು. ಸಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗವಿದ್ದಾಗ ಗೋಡೆಯ ಮೇಲೆ ನಡುವಿನ ಕೆಂಪು ಪಟ್ಟಿ ಸುಮಾರು ಆರೂವರೆ ಸೆಂಟಿಮೀಟರ್ ಅಗಲವಾಗಿ ಬೀಳಬೇಕು, ಮತ್ತೆ ಹೆಚ್ಚುಕಡಿಮೆ ಅಷ್ಟೇ ಬಿದ್ದಿತು. ಒಂದು ಬ್ಲೇಡನ್ನು ಬೆರಳ ತುದಿಯಿಂದ ಮೆಲ್ಲನೆ ಒಳಗೆ ತಳ್ಳಿ ಸಂದನ್ನು ಕಿರಿದಾಗಿಸಿದೆ. ಸಂದು ಕಿರಿದಾದಂತೆ ಪಟ್ಟಿ ಕಿರಿದಾಗಲಿಲ್ಲ. ಎರಡೂ ಪಕ್ಕಕ್ಕೆ ಹಿಗ್ಗುತ್ತ, ಮಂಕಾಗುತ್ತ, ಗೋಡೆಯ ಮೇಲಿನ ಕ್ಯಾಲೆಂಡರಿನವರೆಗೂ ಹೋಯಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ಬಂದು ತಾನೇ ಬ್ಲೇಡನ್ನು ಸರಿಸಿ ನೋಡಿದಳು. ಸಂದು ಕಿರಿದಾಗುವುದೆಂದರೆ ಬೆಳಕಿನ ಕಣ ಅಡ್ಡಡ್ಡಲಾಗಿ ಎಲ್ಲಿದೆ ಎಂಬುದು ಹೆಚ್ಚು ನಿಶ್ಚಿತವಾಗುವುದು. ಪಟ್ಟಿ ಹಿಗ್ಗುವುದೆಂದರೆ ಅಡ್ಡ ದಿಕ್ಕಿನ ಸಂವೇಗ ಹೆಚ್ಚು ಹರಡುವುದು.

ಇದು ಬರಿಯ ಬೆಳಕಿನ ಅಲೆಯ ವಿವರ್ತನೆ (ಕಿರಿದಾದ ಸಂದಿನಲ್ಲಿ ಹಾಯ್ದ ಅಲೆ ಪಕ್ಕಕ್ಕೆ ಹರಡಿಕೊಳ್ಳುವುದು), 19ನೆಯ ಶತಮಾನದವರಿಗೂ ಗೊತ್ತಿತ್ತು ಎಂದು ಯಾರಾದರೂ ಹೇಳಿದರೆ ಆ ಆಕ್ಷೇಪಣೆ ನ್ಯಾಯವಾದದ್ದೇ. ಅದಕ್ಕೇ ಇದೇ ಪ್ರಯೋಗವನ್ನು ದ್ರವ್ಯದ ಕಣಗಳ ಮೇಲೆ ಮಾಡುವುದು ಮುಖ್ಯವಾಯಿತು. 2002ರಲ್ಲಿ ವಿಯೆನ್ನಾದಲ್ಲಿ ಆಂಟನ್ ಸೈಲಿಂಗರ್ ಅವರ ತಂಡ 70 ಇಂಗಾಲದ ಪರಮಾಣುಗಳಿಂದಾದ, ಚೆಂಡಿನಂಥ ಫುಲ್ಲರೀನ್ ಅಣುಗಳನ್ನು ಕುಲುಮೆಯಲ್ಲಿ ಕಾಯಿಸಿ, ಸಾಲಾಗಿ ಹಾರಿಸಿ, 70 ನ್ಯಾನೋಮೀಟರಿನವರೆಗೂ ಕಿರಿದಾಗಿಸಬಲ್ಲ ಸಂದಿನ ಮೂಲಕ ಕಳಿಸಿತು. ಆ ಅಣುಗಳ ತರಂಗದೂರ ಬರಿಯ ಎರಡು ಮೂರು ಪಿಕೋಮೀಟರ್, ಎಂದರೆ ಅಣುವಿನ ಗಾತ್ರದ ಕೆಲವು ನೂರನೆಯ ಒಂದು ಭಾಗ. ಆದರೂ ಸಂದು ಅತ್ಯಂತ ಕಿರಿದಾದಾಗ ಅಣುಗಳ ಸಾಲು ಹಿಗ್ಗಿತು, ಮತ್ತು ಹಿಗ್ಗಿದ ಪ್ರಮಾಣ ಲೆಕ್ಕಕ್ಕೆ ಹೊಂದಿಕೆಯಾಯಿತು. ಕೆನಾರ್ಡ್ ಮಿತಿಯನ್ನು ಇಂದಿನವರೆಗೆ ಯಾವ ಪ್ರಯೋಗವೂ ಮುರಿದಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಮುಂದೆ ‘ಮುರಿಯಿತು’ ಎಂಬ ಮಾತು ಬರಲಿದೆ.

ಉಳಿದದ್ದು ಸೂಕ್ಷ್ಮದರ್ಶಕದ ಪ್ರಶ್ನೆ: ಒಂದೇ ಅಡಿಕೆ, ಒಂದರ ಹಿಂದೊಂದು ಎರಡು ಪರೀಕ್ಷೆ. ಇದರ ಪ್ರಯೋಗ 85 ವರ್ಷ ಏಕೆ ತಡವಾಯಿತು? ದೋಷ ಎಂಬ ಮಾತೇ ಇಲ್ಲಿ ಕಠಿಣ. ಮಲೆನಾಡಿನ ಅನೇಕ ತೋಟದ ಮನೆಗಳಲ್ಲಿ ಮಳೆಮಾಪಕವಿರುತ್ತದೆ. ಬೆಳಿಗ್ಗೆ ಎದ್ದು ಇಂಚಿನ ಲೆಕ್ಕದಲ್ಲಿ ಬರೆದಿಡುವ ಹಿರಿಯರು ಈಗಲೂ ಇದ್ದಾರೆ. ನಿಮ್ಮ ಮಾಪಕದ ದೋಷ ಎಷ್ಟು ಎಂದು ತಿಳಿಯಬೇಕಾದರೆ ಅದರ ಪಕ್ಕದಲ್ಲಿ ನಂಬಿಕಸ್ಥ ಮಾಪಕ ಇನ್ನೊಂದನ್ನು ಇಟ್ಟು, ಒಂದೇ ದಿನದ ಒಂದೇ ಮಳೆಯನ್ನು ಎರಡರಲ್ಲೂ ಹಿಡಿದು ವ್ಯತ್ಯಾಸ ನೋಡುತ್ತೀರಿ. ಕ್ವಾಂಟಮ್ ಕಣಕ್ಕೆ ಇದು ಆಗುವುದಿಲ್ಲ. ಮೊದಲ ಮಾಪಕ ಮುಟ್ಟಿದ ಕೂಡಲೇ ಕಣ ಬೇರೆಯಾಗುತ್ತದೆ. ಮುಟ್ಟುವ ಮೊದಲು ಅದರ ‘ನಿಜವಾದ’ ಬೆಲೆ ಏನಿತ್ತು ಎಂದು ಹೇಳುವ ಎರಡನೆಯ ಮಾಪಕವನ್ನು ಪಕ್ಕದಲ್ಲಿ ಇಡಲಾಗದು. ಅಂಥ ನಿಜವಾದ ಬೆಲೆಯೊಂದು ಇತ್ತು ಎಂದು ಹೇಳಲೂ ಸಿದ್ಧಾಂತ ಅವಕಾಶ ಕೊಡುವುದಿಲ್ಲ.

ಜಪಾನಿನ ಮಸನಾವೊ ಒಝಾವ ಅವರು 2003ರಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. ಅಳತೆಯ ಉಪಕರಣವನ್ನೂ ಕ್ವಾಂಟಮ್ ವ್ಯವಸ್ಥೆಯಾಗಿಯೇ ಪರಿಗಣಿಸಿ, ಉಪಕರಣ ತೋರಿಸುವ ಪರಿಮಾಣಕ್ಕೂ ಅಳೆಯಬೇಕಾಗಿದ್ದ ಪರಿಮಾಣಕ್ಕೂ ಇರುವ ವ್ಯತ್ಯಾಸದ ವರ್ಗದ ಸರಾಸರಿಯಿಂದ ದೋಷವನ್ನು ವ್ಯಾಖ್ಯಾನಿಸಿದರು. ಕಲಕನ್ನೂ ಅದೇ ಬಗೆಯಲ್ಲಿ. ಹಾಗೆ ವ್ಯಾಖ್ಯಾನಿಸಿದಾಗ ದೋಷ ಮತ್ತು ಕಲಕಿನ ಗುಣಲಬ್ಧ ಒಂದೇ ಮಿತಿಯ ಮೇಲೆ ನಿಲ್ಲಬೇಕಾಗಿಲ್ಲ ಎಂದು ತಿಳಿಯಿತು. ನಿಲ್ಲಬೇಕಾದದ್ದು ಮೂರು ಪದಗಳ ಮೊತ್ತ: ದೋಷ ಮತ್ತು ಕಲಕಿನ ಗುಣಲಬ್ಧ, ದೋಷವನ್ನು ಎರಡನೆಯ ಪರಿಮಾಣದ ಮೂಲ ಹರವಿನಿಂದ ಗುಣಿಸಿದ್ದು, ಕಲಕನ್ನು ಮೊದಲನೆಯ ಪರಿಮಾಣದ ಮೂಲ ಹರವಿನಿಂದ ಗುಣಿಸಿದ್ದು. ಮೊದಲ ಪದ ಸೊನ್ನೆಯಾದರೂ ಉಳಿದೆರಡು ಪದಗಳು ಮಿತಿಯನ್ನು ಹೊತ್ತು ನಿಲ್ಲಬಲ್ಲವು.

ವಿಯೆನ್ನಾದಲ್ಲಿ ಯುಜಿ ಹಸೆಗಾವ ಅವರ ತಂಡ ಒಝಾವರ ಜೊತೆ ಸೇರಿ ಇದನ್ನು ನ್ಯೂಟ್ರಾನ್‌ಗಳ ಮೇಲೆ ಪರೀಕ್ಷಿಸಿ, ಫಲಿತಾಂಶವನ್ನು 2012ರ ಆರಂಭದಲ್ಲಿ ಪ್ರಕಟಿಸಿತು. ಈ ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಇದರ ಅಂಕಗಣಿತವನ್ನು ಪಿಯುಸಿ ವಿದ್ಯಾರ್ಥಿಯೂ ಮಾಡಬಹುದು.

ಅಲ್ಲಿಯ ಸಂಶೋಧನಾ ಪರಮಾಣು ಸ್ಥಾವರದಿಂದ ಹೊರಬರುವ ನ್ಯೂಟ್ರಾನ್‌ಗಳು ಸೆಕೆಂಡಿಗೆ ಸುಮಾರು ಎರಡು ಕಿಲೋಮೀಟರ್ ವೇಗದಲ್ಲಿ ಹಾಯುತ್ತವೆ. ಪ್ರತಿ ನ್ಯೂಟ್ರಾನ್‌ಗೂ ಗಿರಕಿ (ಸ್ಪಿನ್) ಎಂಬ ಗುಣವಿದೆ. ಯಾವ ದಿಕ್ಕಿನಲ್ಲಿ ಅಳೆದರೂ ಅದಕ್ಕೆ ಎರಡೇ ಉತ್ತರ, ಅವನ್ನು +1 ಮತ್ತು −1 ಎಂದು ಕರೆಯೋಣ. ಎಲ್ಲ ನ್ಯೂಟ್ರಾನ್‌ಗಳ ಗಿರಕಿಯನ್ನೂ ಮೊದಲು ಮೇಲ್ಮುಖವಾಗಿ ನಿಲ್ಲಿಸುತ್ತಾರೆ. ಆಮೇಲೆ ಎರಡು ಉಪಕರಣ. ಮೊದಲನೆಯದು ಪೂರ್ವ ದಿಕ್ಕಿನ ಗಿರಕಿಯನ್ನು ಅಳೆಯಬೇಕು, ಎರಡನೆಯದು ಉತ್ತರ ದಿಕ್ಕಿನದನ್ನು. (ದಿಕ್ಕುಗಳ ಹೆಸರು ನಮ್ಮ ಅನುಕೂಲಕ್ಕೆ, ಅವು ಒಂದಕ್ಕೊಂದು ಲಂಬವಾಗಿದ್ದರೆ ಸಾಕು.) ಮೇಲ್ಮುಖ ಗಿರಕಿಯ ನ್ಯೂಟ್ರಾನ್‌ಗೆ ಪೂರ್ವದಲ್ಲೂ ಉತ್ತರದಲ್ಲೂ +1, −1 ಸಮಸಮ ಸಾಧ್ಯತೆ, ಆದ್ದರಿಂದ ಎರಡರ ಹರವೂ 1. ಈ ಜೋಡಿಗೆ ಮಿತಿಯ ಸಂಖ್ಯೆಯೂ 1.

ಪ್ರಯೋಗದ ಜಾಣತನವಿರುವುದು ಮೊದಲ ಉಪಕರಣದಲ್ಲಿ. ಅದನ್ನು ಬೇಕೆಂದೇ ಪೂರ್ವದಿಂದ ಉತ್ತರದ ಕಡೆಗೆ ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತ ಹೋಗುತ್ತಾರೆ. ತಿರುವು ಸೊನ್ನೆಯಿದ್ದಾಗ ಅದು ಪೂರ್ವವನ್ನೇ ಅಳೆಯುತ್ತದೆ, ದೋಷ ಸೊನ್ನೆ. ಆದರೆ ಉತ್ತರ ದಿಕ್ಕಿನ ವಿಷಯದಲ್ಲಿ ನ್ಯೂಟ್ರಾನ್ ಸಂಪೂರ್ಣ ಕಲಕಿಹೋಗುತ್ತದೆ. ಎಷ್ಟು ಕಲಕು? ಕಲಕುವ ಮೊದಲಿನ ಫಲಕ್ಕೂ ನಂತರದ ಫಲಕ್ಕೂ ಯಾವ ನಂಟೂ ಉಳಿದಿಲ್ಲವೆಂದರೆ ಅರ್ಧ ಪಾಲು ಸಲ ಎರಡೂ ಒಂದೇ, ವ್ಯತ್ಯಾಸ ಸೊನ್ನೆ. ಇನ್ನರ್ಧ ಪಾಲು ಸಲ +1 ಇದ್ದದ್ದು −1 ಆಗಿ ಅಥವಾ −1 ಇದ್ದದ್ದು +1 ಆಗಿ ವ್ಯತ್ಯಾಸ 2, ಅದರ ವರ್ಗ 4. ಸರಾಸರಿ 2, ವರ್ಗಮೂಲ 1.41. ದೋಷ ಸೊನ್ನೆ, ಕಲಕು 1.41, ಗುಣಲಬ್ಧ ಸೊನ್ನೆ. ಹೈಸನ್‌ಬರ್ಗ್‌ರ ವಾದವನ್ನು ಅಕ್ಷರಶಃ ತೆಗೆದುಕೊಂಡರೆ ದೋಷ ಸೊನ್ನೆಗೆ ಇಳಿದಾಗ ಕಲಕು ಅನಂತಕ್ಕೆ ಏರಬೇಕಾಗಿತ್ತು. ಎರಡೇ ಉತ್ತರಗಳಿರುವ ಗಿರಕಿಗೆ ಅನಂತ ಕಲಕು ಎಲ್ಲಿಂದ ಬರಬೇಕು? ತಿರುವು 90 ಡಿಗ್ರಿ ಆದಾಗ ಮೊದಲ ಉಪಕರಣವೂ ಉತ್ತರ ದಿಕ್ಕಿನ ಗಿರಕಿಯನ್ನೇ ಅಳೆಯುತ್ತದೆ. ಕಲಕು ಸೊನ್ನೆ, ದೋಷ 1.41, ಗುಣಲಬ್ಧ ಮತ್ತೆ ಸೊನ್ನೆ. ನಡುವೆ, 45 ಡಿಗ್ರಿಯಲ್ಲಿ, ದೋಷ 0.77, ಕಲಕು 1, ಗುಣಲಬ್ಧ 0.77. ಎಲ್ಲ ತಿರುವುಗಳಲ್ಲೂ ಗುಣಲಬ್ಧ ಏರುವ ಅತಿ ಎತ್ತರ ಅದೇ ಆಸುಪಾಸು. 1ನ್ನು ಅದು ಎಲ್ಲಿಯೂ ಮುಟ್ಟುವುದಿಲ್ಲ. ಒಝಾವರ ಮೂರು ಪದಗಳ ಮೊತ್ತವಾದರೋ ಎರಡು ತುದಿಗಳಲ್ಲಿ 1.41, 45 ಡಿಗ್ರಿಯಲ್ಲಿ 2.53, ಎಲ್ಲಿಯೂ 1ಕ್ಕಿಂತ ಕೆಳಗೆ ಬರುವುದಿಲ್ಲ. ಇವು ಸಿದ್ಧಾಂತದ ಸಂಖ್ಯೆಗಳು. ವಿಯೆನ್ನಾದ ಅಳತೆಯ ಬಿಂದುಗಳು ಈ ವಕ್ರರೇಖೆಗಳನ್ನೇ ಅನುಸರಿಸಿದವು.

ಆದರೆ ಪಕ್ಕದಲ್ಲಿ ನಂಬಿಕಸ್ಥ ಮಾಪಕ ಇಡಲಾಗದು ಎಂದೆನಲ್ಲ, ಮತ್ತೆ ಅವರು ದೋಷವನ್ನು ಕಂಡುಹಿಡಿದದ್ದು ಹೇಗೆ? ಒಝಾವರ ವ್ಯಾಖ್ಯೆಯನ್ನು ಬಿಡಿಸಿ ಬರೆದರೆ ಅದು ಮೂರು ಬಗೆಯ ನ್ಯೂಟ್ರಾನ್‌ಗಳ ಮೇಲಿನ ಸರಾಸರಿಗಳಾಗಿ ಒಡೆಯುತ್ತದೆ: ಮೇಲ್ಮುಖ ಗಿರಕಿಯವು, ಕೆಳಮುಖ ಗಿರಕಿಯವು, ಪೂರ್ವಮುಖ ಗಿರಕಿಯವು. ಮೂರು ರಾಶಿಗಳನ್ನೂ ಅದೇ ಉಪಕರಣದ ಮೂಲಕ ಹಾಯಿಸಿ, ಬಂದ ಸರಾಸರಿಗಳನ್ನು ಸೂತ್ರದಂತೆ ಕೂಡಿ ಕಳೆದರೆ ದೋಷದ ವರ್ಗ ಸಿಗುತ್ತದೆ. ಟೊರಾಂಟೊದಲ್ಲಿ ಎಫ್ರಾಯಿಮ್ ಸ್ಟೈನ್‌ಬರ್ಗ್ ಅವರ ತಂಡ ಅದೇ ವರ್ಷ ಬೇರೆ ದಾರಿ ಹಿಡಿಯಿತು. ಬೆಳಕಿನ ಕಣಗಳ ಧ್ರುವೀಕರಣವನ್ನು (ಬೆಳಕಿನ ಅಲೆ ಕಂಪಿಸುವ ದಿಕ್ಕನ್ನು) ಮುಖ್ಯ ಅಳತೆಗೆ ಮೊದಲೇ ಅತ್ಯಂತ ಮೆಲುವಾಗಿ, ಎಂದರೆ ಒಂದೊಂದು ಕಣದಿಂದ ಏನೂ ತಿಳಿಯದಷ್ಟು, ಆದರೆ ಸಾವಿರಾರು ಕಣಗಳ ಸರಾಸರಿಯಿಂದ ತಿಳಿಯುವಷ್ಟು ಸೋಕಿ, ಆಮೇಲೆ ಮುಖ್ಯ ಅಳತೆ ನಡೆಸಿ ಎರಡನ್ನೂ ಹೋಲಿಸಿತು. ಇದಕ್ಕೆ ದುರ್ಬಲ ಮಾಪನ ಎಂದು ಹೆಸರು. ತೀರ್ಮಾನ ಒಂದೇ ಆಯಿತು. ಮುಂದಿನ ಎರಡು ವರ್ಷಗಳಲ್ಲಿ ಆಸ್ಟ್ರೇಲಿಯಾ ಮತ್ತು ಜಪಾನಿನ ತಂಡಗಳು ಬೆಳಕಿನ ಕಣಗಳ ಮೇಲೆ ಇನ್ನೂ ಬಿಗಿಯಾದ ಪರೀಕ್ಷೆಗಳನ್ನು ನಡೆಸಿದವು.

ಇಲ್ಲಿಗೆ ಕಥೆ ಮುಗಿದಿದ್ದರೆ ತಲೆಬರಹ ಸರಿಯೆನ್ನಬಹುದಿತ್ತು. ಆದರೆ 2013ರಲ್ಲಿ ಪಾಲ್ ಬುಶ್, ಪೆಕ್ಕಾ ಲಾಹ್ಟಿ ಮತ್ತು ರೈನ್‌ಹಾರ್ಡ್ ವರ್ನರ್ ಅವರು ಹೈಸನ್‌ಬರ್ಗ್‌ರ ದೋಷ-ಕಲಕು ಸಂಬಂಧವನ್ನು ಸಾಧಿಸಿದ್ದೇವೆ ಎಂದು ಪ್ರಕಟಿಸಿದರು. ಒಂದು ಕಡೆ ಮುರಿದದ್ದು, ಇನ್ನೊಂದು ಕಡೆ ಸಾಧಿತವಾದದ್ದು. ಎರಡೂ ಕಡೆಯ ಗಣಿತದಲ್ಲಿ ತಪ್ಪಿಲ್ಲ. ವ್ಯತ್ಯಾಸವಿರುವುದು ದೋಷ ಎಂದರೇನು ಎಂಬುದರಲ್ಲಿ, ಮತ್ತು ಇಡೀ ವಿಷಯದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆಂದು ತೋರುವುದು ಇದೇ.

ಮಳೆಮಾಪಕಕ್ಕೆ ಮರಳುತ್ತೇನೆ. ನಿಮ್ಮ ಮಾಪಕದ ಜೂನ್ ತಿಂಗಳ ಮೂವತ್ತು ಸಂಖ್ಯೆಗಳನ್ನು ನಂಬಿಕಸ್ಥ ಮಾಪಕದ ಮೂವತ್ತು ಸಂಖ್ಯೆಗಳಿಗೆ ಎರಡು ರೀತಿಯಲ್ಲಿ ಹೋಲಿಸಬಹುದು. ದಿನದಿನದ ವ್ಯತ್ಯಾಸ ತೆಗೆದು, ವರ್ಗಮಾಡಿ, ಸರಾಸರಿ ನೋಡುವುದು ಒಂದು. ಒಂದು ಇಂಚಿಗಿಂತ ಕಡಿಮೆ ಮಳೆ ಎಷ್ಟು ದಿನ, ಎರಡು ಇಂಚು ದಾಟಿದ್ದು ಎಷ್ಟು ದಿನ ಎಂದು ಎರಡರ ಹಂಚಿಕೆಯನ್ನು ಮಾತ್ರ ಹೋಲಿಸುವುದು ಇನ್ನೊಂದು. ಯಾರೋ ನಿಮ್ಮ ಪುಸ್ತಕದ ತಾರೀಖುಗಳನ್ನು ಅದಲುಬದಲು ಮಾಡಿದ್ದರೆ ಎರಡನೆಯ ಹೋಲಿಕೆಗೆ ಅದು ಗೊತ್ತೇ ಆಗದು, ಮೊದಲನೆಯದಕ್ಕೆ ದೊಡ್ಡ ದೋಷ ಕಾಣುತ್ತದೆ. ಒಝಾವರ ವ್ಯಾಖ್ಯೆ ಮೊದಲನೆಯ ಹೋಲಿಕೆಯ ಕ್ವಾಂಟಮ್ ರೂಪ. ಬುಶ್ ಮತ್ತು ಸಂಗಡಿಗರು ಕೇಳುವುದು ಇದು: ಎರಡು ಮಾಪಕಗಳನ್ನು ಪಕ್ಕಪಕ್ಕ ಇಡಲು ಸಾಧ್ಯವೇ ಇಲ್ಲದ ಕಡೆ ದಿನದಿನದ ವ್ಯತ್ಯಾಸ ಎಂಬ ಮಾತಿಗೆ ಅರ್ಥವೇನು? ಪ್ರಯೋಗದಲ್ಲಿ ಕೈಗೆ ಸಿಗುವುದು ಹಂಚಿಕೆಗಳು ಮಾತ್ರ, ಆದ್ದರಿಂದ ಹಂಚಿಕೆಗಳನ್ನೇ ಹೋಲಿಸಬೇಕು.

ಅವರ ಇನ್ನೊಂದು ಆಗ್ರಹ, ಉಪಕರಣದ ಯೋಗ್ಯತೆಯನ್ನು ಒಂದೇ ಸ್ಥಿತಿಯ, ಎಂದರೆ ಒಂದೇ ರೀತಿ ಸಿದ್ಧಪಡಿಸಿದ ಕಣಗಳ, ಮೇಲೆ ಅಳೆಯಬಾರದು, ಎಲ್ಲ ಸ್ಥಿತಿಗಳನ್ನೂ ಕೊಟ್ಟು ಅದು ಅತಿ ಕೆಟ್ಟದಾಗಿ ನಡೆದುಕೊಂಡ ಸಂದರ್ಭವನ್ನು ನೋಡಬೇಕು ಎಂಬುದು. ತಳದಲ್ಲಿ ತೂತು ಬಿದ್ದ ಮಾಪಕ ಮಾರ್ಚಿಯ ಒಣದಿನದಲ್ಲಿ ಸೊನ್ನೆ ತೋರಿಸುತ್ತದೆ, ಮತ್ತು ಅದು ಸರಿಯಾದ ಉತ್ತರವೇ. ಆಗುಂಬೆಯ ಆಷಾಢದಲ್ಲಿ ಇಟ್ಟು ನೋಡಿದಾಗ ಅದರ ಬಣ್ಣ ಬಯಲಾಗುತ್ತದೆ. ಸ್ಥಾನ ಮತ್ತು ಸಂವೇಗದ ಜೋಡಿಗೆ ಈ ಬಗೆಯ ವ್ಯಾಖ್ಯೆಯಲ್ಲಿ ದೋಷ ಮತ್ತು ಕಲಕಿನ ಗುಣಲಬ್ಧ ಹೈಸನ್‌ಬರ್ಗ್ ಹೇಳಿದಂತೆಯೇ ಮಿತಿಯ ಮೇಲೆಯೇ ನಿಲ್ಲುತ್ತದೆ.

ನನ್ನ ಅಭಿಪ್ರಾಯವನ್ನು ಕೇಳಿದರೆ, ಉಪಕರಣವನ್ನು ಕೊಳ್ಳುವವನು ಬುಶ್ ಅವರ ಪ್ರಶ್ನೆಯನ್ನು ಕೇಳಬೇಕು, ಕೈಯಲ್ಲಿರುವ ಒಂದು ನಿರ್ದಿಷ್ಟ ಸ್ಥಿತಿಯ ಮೇಲೆ ಉಪಕರಣವನ್ನು ಬಳಸುವವನು ಒಝಾವರ ಪ್ರಶ್ನೆಯನ್ನು ಕೇಳಬಹುದು. ವಿಯೆನ್ನಾದ ಪ್ರಯೋಗ ಮುರಿದದ್ದು, ಒಂದು ಸ್ಥಿತಿಯ ಮೇಲೆ, ಒಝಾವರ ಅರ್ಥದ ದೋಷ ಮತ್ತು ಕಲಕುಗಳಿಗೆ ಕೆನಾರ್ಡ್ ಮಿತಿಯ ಸಂಖ್ಯೆಯನ್ನೇ ತಂದು ಹಚ್ಚುವ ಅಭ್ಯಾಸವನ್ನು. ಆ ಅಭ್ಯಾಸ ನನ್ನ ಪಠ್ಯಪುಸ್ತಕದ ಎಡಪುಟಕ್ಕೂ ಬಲಪುಟಕ್ಕೂ ನಡುವೆ ಇತ್ತು. ಅದನ್ನು ಮುರಿದದ್ದು ದೊಡ್ಡ ಉಪಕಾರ.

ಈ ಚರ್ಚೆ ಬರಿಯ ವ್ಯಾಖ್ಯೆಗಳ ಜಗಳವಲ್ಲ ಎಂಬುದಕ್ಕೆ ಗುರುತ್ವ ಅಲೆಗಳ ವೀಕ್ಷಣಾಲಯವಾದ ಲೈಗೊವನ್ನು ನೋಡಬೇಕು. ಕಪ್ಪುಕುಳಿಯನ್ನು ಕಲಕಿದರೆ ಅದು ಗಂಟೆಯಂತೆ ಮೊಳಗಿ ಅಡಗುತ್ತದೆ ಎಂದು 1970ರಲ್ಲಿ ತೋರಿಸಿದವರು ನಮ್ಮ ಬೆಂಗಳೂರಿನ ಸಿ. ವಿ. ವಿಶ್ವೇಶ್ವರ ಅವರು. ಅಂಥ ಮೊಳಗನ್ನು ಹಿಡಿಯಲು ಲೈಗೊದಲ್ಲಿ ನಾಲ್ಕು ಕಿಲೋಮೀಟರ್ ಉದ್ದದ ತೋಳುಗಳ ತುದಿಯಲ್ಲಿ 40 ಕಿಲೋ ತೂಕದ ಕನ್ನಡಿಗಳನ್ನು ತೂಗುಬಿಟ್ಟು, ಅವುಗಳ ನಡುವೆ ಲೇಸರ್ ಬೆಳಕನ್ನು ಹಾಯಿಸುತ್ತಾರೆ. ಬೆಳಕಿನ ಕಣಗಳು ಸಮಗತಿಯಲ್ಲಿ ಬರುವುದಿಲ್ಲವಾದ್ದರಿಂದ ಎಣಿಕೆಯಲ್ಲಿ ಏರುಪೇರಿರುತ್ತದೆ. ಬೆಳಕನ್ನು ಹೆಚ್ಚಿಸಿದರೆ ಆ ದೋಷ ಕಡಿಮೆಯಾಗುತ್ತದೆ. ಆದರೆ ಹೆಚ್ಚಿದ ಬೆಳಕು ಕನ್ನಡಿಯನ್ನು ಏರುಪೇರಾಗಿಯೇ ತಳ್ಳುತ್ತದೆ. ಒಂದು ಕಡೆ ದೋಷ, ಇನ್ನೊಂದು ಕಡೆ ಕಲಕು: ಹೈಸನ್‌ಬರ್ಗ್‌ರ ಸೂಕ್ಷ್ಮದರ್ಶಕವೇ ನಾಲ್ಕು ಕಿಲೋಮೀಟರ್ ಉದ್ದಕ್ಕೆ ಬೆಳೆದಂತೆ. ಎರಡನ್ನೂ ಸ್ವತಂತ್ರವೆಂದು ಎಣಿಸಿ ಸಮತೋಲನ ಮಾಡಿದಾಗ ಸಿಗುವ ಅತಿ ಕಡಿಮೆ ಗದ್ದಲಕ್ಕೆ ಪ್ರಮಾಣಿತ ಕ್ವಾಂಟಮ್ ಮಿತಿ ಎಂದು ಹೆಸರು. ಇದನ್ನು 1960ರ ದಶಕದಲ್ಲಿ ಗುರುತಿಸಿದವರು ರಷ್ಯಾದ ವ್ಲಾದಿಮಿರ್ ಬ್ರಗಿನ್ಸ್ಕಿ.

2020ರಲ್ಲಿ ಲೈಗೊ ತಂಡ, ಬೆಳಕಿನ ಈ ಕ್ವಾಂಟಮ್ ಏರುಪೇರು 40 ಕಿಲೋ ತೂಕದ ಕನ್ನಡಿಗಳನ್ನು ನಿಜವಾಗಿಯೂ ಅಲುಗಿಸುತ್ತಿದೆ ಎಂದು ತೋರಿಸಿತು. ಅಲುಗುವ ಪ್ರಮಾಣವನ್ನು ಮೀಟರಿನಲ್ಲಿ ಬರೆಯಬೇಕಾದರೆ ಬಿಂದುವಿನ ನಂತರ 19 ಸೊನ್ನೆ, ಆಮೇಲೆ 1. ಎಣಿಕೆಯ ದೋಷಕ್ಕೂ ತಳ್ಳುವಿಕೆಯ ಕಲಕಿಗೂ ನಡುವೆ ನಂಟು ಕಟ್ಟಿದರೆ ಒಂದು ಇನ್ನೊಂದನ್ನು ಭಾಗಶಃ ಅಳಿಸುತ್ತದೆ. ಅದಕ್ಕಾಗಿ ಹಿಂಡಿದ ಬೆಳಕನ್ನು, ಎಂದರೆ ಒಂದು ಗುಣದ ಏರುಪೇರನ್ನು ಅದುಮಿ ಇನ್ನೊಂದು ಗುಣಕ್ಕೆ ದಾಟಿಸಿದ ಬೆಳಕನ್ನು, 300 ಮೀಟರ್ ಉದ್ದದ ಶೋಧಕ ಕೊಳವೆಯ ಮೂಲಕ ಹಾಯಿಸಿ ಒಳಬಿಡುತ್ತಾರೆ. ಹೀಗೆ ಸೆಕೆಂಡಿಗೆ 35ರಿಂದ 75 ಕಂಪನಗಳ ಪಟ್ಟಿಯಲ್ಲಿ ಕ್ವಾಂಟಮ್ ಗದ್ದಲವನ್ನು ಪ್ರಮಾಣಿತ ಮಿತಿಗಿಂತ 3 ಡೆಸಿಬೆಲ್‌ವರೆಗೆ ಕೆಳಗಿಳಿಸಿದ್ದನ್ನು 2024ರಲ್ಲಿ ಪ್ರಕಟಿಸಿದರು. ಕೆನಾರ್ಡ್ ಮಿತಿ ಇಲ್ಲಿಯೂ ಹಾಗೆಯೇ ಇದೆ. ಹಿಂಡಿದ ಬೆಳಕು ಅದನ್ನು ಪಾಲಿಸಿಯೇ ಹಿಂಡಿಸಿಕೊಂಡಿದೆ. ದಾಟಿದ್ದು ದೋಷವೂ ಕಲಕೂ ಸ್ವತಂತ್ರವೆಂಬ ಊಹೆಯ ಮೇಲೆ ನಿಂತ ಬೇಲಿಯನ್ನು. ಲೈಗೊದ ಭಾರತೀಯ ಶಾಖೆಗೆ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದೆ. ಅಂದು ಸಭೆಯಲ್ಲಿ ಕುಳಿತಿದ್ದ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಅಲ್ಲಿಗೆ ಹೋಗಲಿ ಎಂಬುದು ನನ್ನ ಮನಸ್ಸಿನ ಆಸೆ.

ಉಪನ್ಯಾಸ ಮುಗಿದು, ಹೊರಗೆ ಮಳೆ ಜೋರಾದ್ದರಿಂದ ಯಾರೂ ಏಳದೆ ಕುಳಿತಿದ್ದಾಗ, ಬ್ಲೇಡು ಸರಿಸಿ ನೋಡಿದ ಅದೇ ಹುಡುಗಿ ಒಂದು ಪ್ರಶ್ನೆ ಕೇಳಿದಳು. 45 ಡಿಗ್ರಿ ತಿರುವಿನಲ್ಲಿ ಕಲಕು 1 ಎಂದಿರಿ. ಹಾಗಾದರೆ ಮೊದಲ ಉಪಕರಣವೇ ಇಲ್ಲದಿದ್ದರೆ ಆ ಒಂದು ನ್ಯೂಟ್ರಾನ್ ಉತ್ತರ ದಿಕ್ಕಿನಲ್ಲಿ ಏನು ತೋರಿಸುತ್ತಿತ್ತು, ಈಗ ಏನು ತೋರಿಸಿತು ಎಂದು ಬಿಡಿಬಿಡಿಯಾಗಿ ಹೇಳಲಾದೀತೇ? ಹೇಳಲಾಗದು. ಮೂರು ರಾಶಿಗಳ ಸರಾಸರಿಗಳಿಂದ ವ್ಯತ್ಯಾಸದ ವರ್ಗದ ಸರಾಸರಿ ಸಿಗುತ್ತದೆಯೇ ಹೊರತು ಯಾವ ಒಂದು ನ್ಯೂಟ್ರಾನಿನ ವ್ಯತ್ಯಾಸವೂ ಸಿಗುವುದಿಲ್ಲ. ‘ಮತ್ತೆ ಯಾವುದರ ಸರಾಸರಿ ಅದು?’ ಎಂದು ಅವಳು ಮರುಪ್ರಶ್ನೆ ಹಾಕಿದಳು. ಬುಶ್ ಅವರು ಒಝಾವರಿಗೆ ಹಾಕಿದ ಪ್ರಶ್ನೆಯೂ ಇದೇ ಎಂದು ಹೇಳಿ, ಕಪ್ಪುಹಲಗೆಯ ಬಳಿಗೆ ಹೋಗಿ, ಮೇಲ್ಮುಖ, ಕೆಳಮುಖ, ಪೂರ್ವಮುಖ ಎಂದು ಮೂರು ಬಾಣಗಳನ್ನು ಬರೆದು ಅವಳೊಂದಿಗೆ ಲೆಕ್ಕವನ್ನು ಮೊದಲಿನಿಂದ ಆರಂಭಿಸಿದೆ.